ಒಂಬತ್ತು ಗಂಟೆಯ ಗಾಳಿ

ಒಂದು ಚಿಕ್ಕ ಬಂದರಿನಲ್ಲಿ ವಾಮನ ಮಾಸ್ತರ ಎಂಬ ಗುರುವಿದ್ದರು. ಅವರಿಗೆ ಇಬ್ಬರು ಶಿಷ್ಯರು, ರೋಹಿದಾಸ ಮತ್ತು ಹೇಮಲತಾ. ಮೂವರ ಕೈಯಲ್ಲಿ ಒಂದು ಕಂಪ್ಯೂಟರ್ ಇತ್ತು. ಆ ಕಂಪ್ಯೂಟರಿನ ಮಾತು ಕೇಳಿ ಬಂದರಿನ ದೋಣಿಗಳು ಕಡಲಿಗೆ ಹೋಗುತ್ತಿದ್ದವು, ಇಲ್ಲವೇ ದಡದಲ್ಲೇ ಉಳಿಯುತ್ತಿದ್ದವು.

ಮಾಸ್ತರರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮೀನುಗಾರರ ಸಂಘದವರು ತಮ್ಮ ಕಟ್ಟಡದ ಮಾಳಿಗೆಯಲ್ಲಿ ಅವರಿಗೊಂದು ಕೋಣೆ ಕೊಟ್ಟಿದ್ದರು. ಗಾಳಿ ಮತ್ತು ಅಲೆಗಳ ಮಾಹಿತಿ ಹೊರಗಿನಿಂದ ಬರುತ್ತಿತ್ತು. ಕಂಪ್ಯೂಟರ್ ಅದನ್ನು ಲೆಕ್ಕ ಹಾಕಿ ಕೆಳಗೆ ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಲ್ಲಿಸಿದ್ದ ಬೋರ್ಡಿಗೆ ಕಳುಹಿಸುತ್ತಿತ್ತು. ಬೋರ್ಡಿನ ಭಾಷೆ ಸರಳ. ಹಸಿರು ದೀಪ ಉರಿದರೆ ದೋಣಿ ಬಿಡಬಹುದು. ಕೆಂಪು ಉರಿದರೆ ಬಿರುಗಾಳಿ ಬರುವುದಿದೆ, ಬಿಡಬಾರದು. ಕೆಂಪು ದೀಪದ ಪಕ್ಕದಲ್ಲಿ ಗಾಳಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅಂಕಿಯಲ್ಲಿ ಕಾಣುತ್ತಿತ್ತು. ಇಷ್ಟೇ. ಓದು ಬಾರದವರಿಗೂ ಅರ್ಥವಾಗುವಂತಿತ್ತು.

ಮೊದಲು ಯಾರೂ ಅದನ್ನು ನಂಬಿರಲಿಲ್ಲ. ಮೀನುಗಾರರ ಅಜ್ಜಂದಿರು ನೀರಿನ ಬಣ್ಣ ನೋಡಿ, ಪಡುವಣದ ಮೋಡ ನೋಡಿ ದೋಣಿ ಇಳಿಸಿದವರು. ಮಾಸ್ತರರ ಬೋರ್ಡನ್ನು ಮೊದಲು ನಂಬಿದವನು ಜಟ್ಟಪ್ಪ. ಅವನೊಬ್ಬ ನಂಬಿದ್ದು ಸಾಲದೆಂದು ಉಳಿದವರನ್ನೂ ನಂಬಿಸಿದ. ನಿಮ್ಮ ಮೂಗಿಗಿಂತ ಮಾಸ್ತರರ ಡಬ್ಬಿ ವಾಸಿ ಎಂದು ಧಕ್ಕೆಯ ಮೇಲೆ ನಿಂತು ಹಂಗಿಸುತ್ತಿದ್ದ. ಪರ್ಸು ಎಂಬ ಮುದುಕನೊಬ್ಬ ಮಾತ್ರ ಕಡೆಯವರೆಗೂ ಒಪ್ಪಲಿಲ್ಲ. ಮುಳುಗಿದರೆ ಡಬ್ಬಿ ಈಜುತ್ತದೆಯೇ ಎಂದು ಅವನು ಕೇಳುತ್ತಿದ್ದ. ಜನ ನಗುತ್ತಿದ್ದರು. ಆದರೆ ವರ್ಷಗಳು ಕಳೆದಂತೆ, ಕೆಂಪು ದೀಪ ಹೇಳಿದ ಹೊತ್ತಿಗೆ ಸರಿಯಾಗಿ ಗಾಳಿ ಬಂದು ಬಂದು, ಪರ್ಸುವಿನ ಜೊತೆ ನಗುವವರು ಕಡಿಮೆಯಾಗಿ ಪರ್ಸುವನ್ನು ನೋಡಿ ನಗುವವರು ಹೆಚ್ಚಾದರು.

ಈಗ ಆ ಕಂಪ್ಯೂಟರಿನ ರೀತಿಯನ್ನು ಹೇಳಬೇಕು. ಅದನ್ನು ತಿಳಿಯದೆ ಮುಂದಿನದು ತಿಳಿಯುವುದಿಲ್ಲ.

ನೀವು ನಾವು ಬಳಸುವ ಕಂಪ್ಯೂಟರಿಗೆ ಸಾಫ್ಟ್‌ವೇರ್ ತಯಾರಾಗಿ ಬರುತ್ತದೆ, ಅಂಗಡಿಯ ಹಿಟ್ಟಿನ ಪೊಟ್ಟಣದ ಹಾಗೆ. ಬಿಚ್ಚಿದರೆ ಆಯಿತು. ಮಾಸ್ತರರದು ಹಾಗಿರಲಿಲ್ಲ. ಅವರ ಯಂತ್ರಕ್ಕೆ ಬರುತ್ತಿದ್ದುದು ಕಾಳು. ಅಂದರೆ ಪ್ರೋಗ್ರಾಮನ್ನು ಬರೆದವನ ಮೂಲ ಬರಹ. ಅದನ್ನು ಯಂತ್ರವೇ ತನ್ನಲ್ಲಿ ಬೀಸಿ, ನಾದಿ, ಕಟ್ಟಿಕೊಳ್ಳಬೇಕು. ಒಂದೊಂದು ಪ್ರೋಗ್ರಾಂ ಇನ್ನೊಂದರ ಮೇಲೆ ನಿಂತಿರುತ್ತದೆ. ಅದು ಮತ್ತೊಂದರ ಮೇಲೆ. ಆದ್ದರಿಂದ ಕಟ್ಟುವುದು ತಳದಿಂದ ಶುರುವಾಗಬೇಕು. ತಳದ್ದು ನಿಲ್ಲದೆ ಮೇಲಿನದು ಏಳುವುದಿಲ್ಲ.

ಇನ್ನೂ ಒಂದು ಇತ್ತು, ಪರೀಕ್ಷೆ. ಪ್ರತಿಯೊಂದು ಪ್ರೋಗ್ರಾಮಿನ ಜೊತೆಗೆ ಅದನ್ನು ಬರೆದವನೇ ಕೆಲವು ಪ್ರಶ್ನೆಗಳನ್ನೂ ಅವುಗಳ ಸರಿಯುತ್ತರವನ್ನೂ ಕಳುಹಿಸಿರುತ್ತಾನೆ. ಕಟ್ಟಿ ಮುಗಿದ ಕೂಡಲೇ ಯಂತ್ರ ಆ ಪ್ರಶ್ನೆಗಳನ್ನು ಕೇಳುತ್ತದೆ. ಉತ್ತರ ತಪ್ಪಿದರೆ ಆ ಪ್ರೋಗ್ರಾಂ ಒಳಗೆ ಬರುವಂತಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಹಳ ಜನ ಹೊತ್ತು ಉಳಿಯಲಿ ಎಂದು ಈ ಪರೀಕ್ಷೆಯನ್ನು ಮುಚ್ಚಿಟ್ಟಿರುತ್ತಾರೆ. ಮುಚ್ಚಲು ಒಂದು ಪದ ಬರೆದರೆ ಸಾಕು. ಮಾಸ್ತರರು ಎಂದೂ ಮುಚ್ಚಿರಲಿಲ್ಲ. ಪರೀಕ್ಷೆ ಪಾಸಾಗದ್ದು ನನ್ನ ಯಂತ್ರದ ಹೊಸ್ತಿಲು ದಾಟುವುದಿಲ್ಲ ಎಂದು ಸಂಘದ ಸಭೆಗಳಲ್ಲಿ ಹೇಳುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಪರೀಕ್ಷೆ ಎಂದರೇನೆಂದು ಸಭೆಗೆ ತಿಳಿದಿರಲಿಲ್ಲ. ಮಾಸ್ತರರಿಗೆ ತಿಳಿದಿದೆ ಎಂಬುದು ತಿಳಿದಿತ್ತು, ಅಷ್ಟು ಸಾಕಾಗಿತ್ತು.

ಆ ವರ್ಷ ಮಳೆಗಾಲದ ರಜೆಯಲ್ಲಿ ದೋಣಿಗಳೆಲ್ಲ ದಡದ ಮೇಲೆ ಬಿದ್ದಿದ್ದಾಗ ಸಂಘದವರು ಹಳೆಯ ಬೋರ್ಡನ್ನು ಕಿತ್ತು ದೊಡ್ಡದೊಂದನ್ನು ತರಿಸಿದರು. ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಮೀನುಗಾರಿಕೆ ಶುರು ಮಾಡುವುದು ಅಲ್ಲಿಯ ಪದ್ಧತಿ. ಅಂದೇ ಮಂತ್ರಿಗಳು ಬಂದು ಬೋರ್ಡಿನ ಗುಂಡಿ ಒತ್ತುವುದೆಂದು ನಿಶ್ಚಯವಾಯಿತು. ಹೊಸ ಬೋರ್ಡಿಗೆ ಹೊಸ ಪ್ರೋಗ್ರಾಂ ಬೇಕು. ಹೊಸ ಪ್ರೋಗ್ರಾಮಿಗೆ ಅದರ ಕೆಳಗಿನ ಹತ್ತಾರು ಚಿಕ್ಕ ಪ್ರೋಗ್ರಾಮುಗಳ, ಅಂದರೆ ಪ್ಯಾಕೇಜುಗಳ, ಹೊಸ ಆವೃತ್ತಿ ಬೇಕು. ಮಾಸ್ತರರು ಆ ಕೆಲಸವನ್ನು ರೋಹಿದಾಸನಿಗೆ ಒಪ್ಪಿಸಿದರು.

ರೋಹಿದಾಸ ಚುರುಕಿನವನು. ಎಲ್ಲರಿಗೂ ಬೇಕಾದವನು. ಸಂಘದ ಅಧ್ಯಕ್ಷರ ಮೊಬೈಲನ್ನು ಸರಿ ಮಾಡಿಕೊಡುವವನೂ ಅವನೇ. ಹೇಮಲತಾ ನಿಧಾನ. ಮಾತು ಒರಟು. ಎಲ್ಲಿ ಏನು ಹೇಳಬೇಕು ಎಂಬ ನಯ ಅವಳಿಗೆ ತಿಳಿಯದು. ಇದು ಒಳ್ಳೆಯ ಗುಣವೆಂದು ನಾನು ಹೇಳುತ್ತಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ರೋಹಿದಾಸ ಕಟ್ಟಲು ಹಚ್ಚಿದ. ಪರದೆಯ ಮೇಲೆ ಸಾಲುಗಳು ಹರಿದವು. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಬಂದು ನೋಡಿದರೆ ಕೆಲಸ ನಿಂತಿತ್ತು. ಕಟ್ಟಕಡೆಯ ಸಾಲಿನಲ್ಲಿ, ಬೋರ್ಡಿನ ಪ್ರೋಗ್ರಾಮನ್ನು ಕಟ್ಟಲಾಗಲಿಲ್ಲ ಎಂದು ಬರೆದಿತ್ತು.

ರೋಹಿದಾಸ ಓದಿದ್ದು ಆ ಸಾಲನ್ನು ಮಾತ್ರ. ಬೋರ್ಡಿನ ಪ್ರೋಗ್ರಾಂ ಕೆಟ್ಟದ್ದು ಎಂದು ತೀರ್ಮಾನಿಸಿದ. ಅದನ್ನು ಅಳಿಸಿ ಮತ್ತೆ ತಂದು ಕಟ್ಟಿದ. ಹಳೆಯ ಆವೃತ್ತಿ ತಂದು ಕಟ್ಟಿದ. ಚಹಾ ತರಿಸಿ ಕುಡಿದು ಇನ್ನೊಮ್ಮೆ ಕಟ್ಟಿದ. ಪ್ರತಿ ಸಲವೂ ಅದೇ ಸಾಲು. ಕೊನೆಗೆ ಆ ಪ್ರೋಗ್ರಾಂ ಬರೆದವನನ್ನು, ಅವನ ತಾಯಿತಂದೆಯರನ್ನು ಸೇರಿಸಿ, ಬೈದ.

ಕೊನೆಯ ಸಾಲನ್ನು ಮಾತ್ರ ಓದುವ ಚಾಳಿ ರೋಹಿದಾಸನೊಬ್ಬನದೇ ಅಲ್ಲ. ಈ ಕಥೆ ಮೊಬೈಲಿಗೆ ಬಂದ ಕೂಡಲೇ ನೇರ ಕೆಳಗೆ ಹೋಗಿ ನೀತಿಯನ್ನು ಓದಿ ಬಂದವರು ನಿಮ್ಮಲ್ಲೂ ಇರಬಹುದು. ಅವರಿಗೂ ಹೇಳುತ್ತೇನೆ: ಕೆಲಸ ನಿಂತ ಜಾಗ ಬೇರೆ, ಕೆಲಸ ಕೆಟ್ಟ ಜಾಗ ಬೇರೆ. ಕೊನೆಯ ಸಾಲು ನಿಂತ ಜಾಗವನ್ನಷ್ಟೇ ತೋರಿಸುತ್ತದೆ.

ಹೇಮಲತಾ ಬಂದು ರೋಹಿದಾಸನ ಪಕ್ಕದ ಕುರ್ಚಿ ಎಳೆದುಕೊಂಡಳು. ಪರದೆಯ ಸಾಲುಗಳನ್ನು ಮೇಲಕ್ಕೆ ಸರಿಸುತ್ತಾ ಹೋದಳು. ಬಹಳ ಮೇಲೆ ಹೋದಳು. ರೋಹಿದಾಸ ತಮಾಷೆ ಮಾಡಿದ, ಗಂಗೋತ್ರಿಯ ತನಕ ಹೋಗುತ್ತೀಯೋ ಹೇಗೆ ಎಂದು. ಅವಳು ಸರಿಸುತ್ತಲೇ ಇದ್ದಳು. ಮೊದಲ ತಪ್ಪು ಸಿಕ್ಕಿದ ಮೇಲೆಯೇ ಕೈ ನಿಲ್ಲಿಸಿದಳು.

ತಪ್ಪು ಬೋರ್ಡಿನ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಅದಕ್ಕೂ ಬಹಳ ಕೆಳಗೆ, ತಳದ ಹತ್ತಿರ, ಹೊತ್ತಿನ ಲೆಕ್ಕ ಮಾಡುವ ಚಿಕ್ಕ ಪ್ಯಾಕೇಜು ಒಂದಿತ್ತು. ಗಾಳಿಯ ಮಾಹಿತಿ ಹೊರಗಿನಿಂದ ಬರುವಾಗ ಲೋಕಕ್ಕೆಲ್ಲ ಒಂದೇ ಆದ ಗ್ರೀನ್‌ವಿಚ್ ಗಡಿಯಾರದ ಹೊತ್ತಿನಲ್ಲಿ ಬರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಐದೂವರೆ ಗಂಟೆಯನ್ನು ಕೂಡಿಸುವುದೇ ಈ ಪ್ಯಾಕೇಜಿನ ಕೆಲಸ. ಪರೀಕ್ಷೆ ಅದಕ್ಕೆ ಒಂದು ಪ್ರಶ್ನೆ ಕೇಳಿತ್ತು. ಗ್ರೀನ್‌ವಿಚ್‌ನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಭಾರತದಲ್ಲಿ ಎಷ್ಟು? ಸಂಜೆ ಐದೂವರೆ ಎನ್ನಬೇಕಿತ್ತು. ಅದು ಹನ್ನೆರಡು ಎಂದಿತ್ತು. ಪರೀಕ್ಷೆ ಅದನ್ನು ಹೊಸ್ತಿಲ ಹೊರಗೆ ನಿಲ್ಲಿಸಿತ್ತು. ಅದು ಒಳಗೆ ಬರದ ಕಾರಣ ಅದರ ಮೇಲಿನದು ಏಳಲಿಲ್ಲ, ಅದರ ಮೇಲಿನದೂ ಏಳಲಿಲ್ಲ, ಕೊನೆಗೆ ಬೋರ್ಡಿನ ಪ್ರೋಗ್ರಾಮೂ ಏಳಲಿಲ್ಲ.

ಏಕೆ ಹೀಗಾಯಿತೆಂದು ಹೇಮಲತಾ ಅಲ್ಲಿಗೇ ಬಿಡದೆ ಹುಡುಕಿದಳು. ಬೇರೆ ಬೇರೆ ದೇಶಗಳ ಹೊತ್ತಿನ ವಿವರ ಬೇರೆ ಬೇರೆ ಕಡತಗಳಲ್ಲಿ ಇರುತ್ತದೆ. ಹಿಂದೆ ಒಮ್ಮೆ ಯಂತ್ರದಲ್ಲಿ ಜಾಗ ಸಾಲದಿದ್ದಾಗ ಮಾಸ್ತರರು ಅದರ ವ್ಯವಸ್ಥೆಯಲ್ಲಿ ಸ್ವತಃ ಒಂದು ಸಾಲು ಬರೆದಿದ್ದರು. ನಮ್ಮ ದೇಶದ ಕಡತವಿರುವ ಒಂದು ಫೋಲ್ಡರ್ ಉಳಿಸಿ ಬೇರೆಲ್ಲ ದೇಶಗಳ ಫೋಲ್ಡರುಗಳನ್ನು ಬಂದಂತೆಯೇ ಬಿಸಾಡು ಎಂಬ ಆಜ್ಞೆ ಅದು. ಆ ಸಾಲು ತನ್ನ ಕೆಲಸವನ್ನು ವರ್ಷಗಟ್ಟಲೆ ಸರಿಯಾಗಿ ಮಾಡಿತ್ತು. ಈ ಹೊಸ ಆವೃತ್ತಿಯಲ್ಲಿ ಕಡತಗಳ ಜೋಡಣೆ ಬದಲಾಗಿತ್ತು. ನಮ್ಮ ದೇಶದ ಕಡತ ಬೇರೆ ಫೋಲ್ಡರಿಗೆ ಹೋಗಿತ್ತು. ಮಾಸ್ತರರ ಸಾಲಿಗೆ ಅದು ಗೊತ್ತಿಲ್ಲ. ಪರದೇಶದವುಗಳ ಜೊತೆ ನಮ್ಮದನ್ನೂ ಬಿಸಾಡಿತ್ತು. ಕಡತ ಸಿಗದಿದ್ದರೆ ಆ ಪ್ಯಾಕೇಜು ಬೊಬ್ಬೆ ಹೊಡೆಯುವುದಿಲ್ಲ. ಐದೂವರೆಯ ಬದಲು ಸೊನ್ನೆ ಕೂಡಿಸಿ ಸುಮ್ಮನಿರುತ್ತದೆ. ಬೊಬ್ಬೆ ಹೊಡೆದದ್ದು ಪರೀಕ್ಷೆಯೊಂದೇ.

ಪರಿಹಾರ ದೊಡ್ಡದಲ್ಲ. ಆ ಒಂದು ಸಾಲನ್ನು ತೆಗೆದು ಮತ್ತೆ ಕಟ್ಟಲು ಹಚ್ಚಿದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಸಮಾರಂಭ ಮರುದಿನ. ಹೊತ್ತು ಇರಲಿಲ್ಲ ಎಂದು ಆಮೇಲೆ ಯಾರು ಯಾರೋ ಹೇಳಿದರು. ಅದು ಸುಳ್ಳು. ಹೊತ್ತು ಇತ್ತು.

ಮಾಸ್ತರರು ಕೋಣೆಗೆ ಬಂದಾಗ ಅವರ ಜೊತೆ ಅಧ್ಯಕ್ಷರೂ ಬಂದರು. ಮಂತ್ರಿಗಳು ಎಲ್ಲಿ ನಿಲ್ಲಬೇಕು, ಗುಂಡಿ ಎಲ್ಲಿರಬೇಕು ಎಂದು ಕೇಳಲು ಬಂದಿದ್ದರು. ಅವರ ಹಿಂದೆ ಸಂಘದ ಮತ್ತಿಬ್ಬರು. ಬುದ್ಧಿಯಿದ್ದವರಾದರೆ ಅವರು ಹೋಗುವ ತನಕ ಕಾಯುತ್ತಿದ್ದರು. ಹೇಮಲತಾ ಕಾಯಲಿಲ್ಲ.

"ಸರ್, ತಪ್ಪು ಬೋರ್ಡಿನ ಪ್ರೋಗ್ರಾಮಿನದಲ್ಲ. ನಿಮ್ಮ ಸಾಲಿನದು. ತೆಗೆದುಬಿಡಲೇ?"

ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. "ಏನು ಮಾಸ್ತರೇ, ನಿಮ್ಮ ಪೇಪರನ್ನು ಶಿಷ್ಯೆ ತಿದ್ದಿದಳಲ್ಲ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ನಗು ಮಾಸ್ತರರ ಕಿವಿಯಲ್ಲಿ ನಿಂತುಬಿಟ್ಟಿತು.

ಆ ಸಾಲು ವರ್ಷಗಳಿಂದ ಅಲ್ಲೇ ಇದೆ, ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದರು ಮಾಸ್ತರರು. ಇಷ್ಟು ವರ್ಷ ಕಡತವೂ ಅಲ್ಲೇ ಇತ್ತು, ಈಗ ಅಲ್ಲಿ ಇಲ್ಲ ಎಂದಳು ಹೇಮಲತಾ. ಪರೀಕ್ಷೆ ಬರೆದವನೂ ಮನುಷ್ಯನೇ, ಪರೀಕ್ಷೆಯೇ ತಪ್ಪಿರಬಹುದು ಎಂದರು ಮಾಸ್ತರರು. ಇದೇ ಮಾತನ್ನು ಶಿಷ್ಯರು ಆಡಿದ್ದರೆ ಅವರನ್ನು ಕೋಣೆಯಿಂದ ಹೊರಗೆ ಕಳುಹಿಸುತ್ತಿದ್ದ ಮನುಷ್ಯ ಅವರು.

ರೋಹಿದಾಸ ಆಗ ಬಾಯಿ ತೆರೆದ. ಗುರುಗಳ ಮುಖ ಓದುವುದರಲ್ಲಿ ಅವನು ಜಾಣ.

"ಇದೊಂದಕ್ಕೆ ಪರೀಕ್ಷೆ ಬಿಟ್ಟು ಕಟ್ಟುವ ಸರ್. ಸಮಾರಂಭ ಮುಗೀಲಿ. ಆಮೇಲೆ ನಿಧಾನಕ್ಕೆ ನೋಡಿದರಾಯ್ತು."

ನಿಧಾನಕ್ಕೆ ನೋಡಿದರಾಯಿತು. ಈ ದೇಶದಲ್ಲಿ ಎಷ್ಟು ಸೇತುವೆಗಳು, ಎಷ್ಟು ಮಹಡಿಗಳು ಈ ಮಾತಿನ ಮೇಲೆ ನಿಂತಿವೆಯೋ ನನಗೆ ತಿಳಿಯದು. ಬಿದ್ದವುಗಳನ್ನು ಮಾತ್ರ ನಾವು ಪತ್ರಿಕೆಯಲ್ಲಿ ಓದುತ್ತೇವೆ.

ಮಾಸ್ತರರ ಮುಂದೆ ಎರಡು ದಾರಿಗಳಿದ್ದವು. ಒಂದರಲ್ಲಿ ತಮ್ಮ ಸಾಲನ್ನು ತೆಗೆಯಬೇಕು, ಅಂದರೆ ಅಧ್ಯಕ್ಷರ ಎದುರು ತಪ್ಪೊಪ್ಪಿಕೊಳ್ಳಬೇಕು. ಇನ್ನೊಂದರಲ್ಲಿ ತಮ್ಮ ನೇಮವನ್ನು ಬಿಡಬೇಕು. ಮೊದಲನೆಯದು ನಾಲ್ಕು ಜನರಿಗೆ ಕಾಣುತ್ತದೆ. ಎರಡನೆಯದು ಯಾರಿಗೂ ಕಾಣುವುದಿಲ್ಲ. ಮಾಸ್ತರರು ಎರಡನೆಯದನ್ನು ಆರಿಸಿಕೊಂಡರು. ರೋಹಿದಾಸನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ. ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ತಪ್ಪುಗಳಿಗೆ ಅಪ್ಪಣೆ ಸಾಮಾನ್ಯವಾಗಿ ಹೀಗೆಯೇ ಸಿಗುತ್ತದೆ.

ರೋಹಿದಾಸ ಆ ಒಂದು ಪದವನ್ನು ಬರೆದ. ಪರೀಕ್ಷೆ ಮುಚ್ಚಿಹೋಯಿತು. ಸುಳ್ಳು ಹೊತ್ತು ಹೇಳುವ ಪ್ಯಾಕೇಜು ಹೊಸ್ತಿಲು ದಾಟಿ ಒಳಗೆ ಬಂತು. ಅದರ ಮೇಲಿನವೆಲ್ಲ ಸಲೀಸಾಗಿ ಎದ್ದವು. ಪರದೆಯ ಮೇಲೆ ಒಂದೂ ಕೆಂಪು ಅಕ್ಷರ ಉಳಿಯಲಿಲ್ಲ. ಅಧ್ಯಕ್ಷರು ರೋಹಿದಾಸನ ಬೆನ್ನು ತಟ್ಟಿ, ಹುಡುಗ ಅಂದರೆ ಹೀಗಿರಬೇಕು ಎಂದರು. ಹೇಮಲತಾ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು. ಹೇಳಬೇಕಾದ್ದನ್ನು ಹೇಳಿಯಾಗಿದೆ, ಇನ್ನು ನನ್ನ ಮೇಲೇನಿಲ್ಲ ಎಂದು ಅವಳು ಅಂದುಕೊಂಡಳು.

ಹುಣ್ಣಿಮೆಯ ದಿನ ಮಂತ್ರಿಗಳು ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು. ಹೆಂಗಸರು ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದರು. ಮಂತ್ರಿಗಳು ಮಾಸ್ತರರಿಗೆ ಶಾಲು ಹೊದಿಸಿದರು. ಆಮೇಲೆ ಕೆಲವು ವಾರ ಕಡಲು ಮೆತ್ತಗಿತ್ತು. ಹಸಿರು ದೀಪ ಹಸಿರಾಗಿಯೇ ಉರಿಯಿತು. ಹಸಿರು ಉರಿಯುವಾಗ ಬೋರ್ಡು ಹೊತ್ತು ತೋರಿಸುವುದಿಲ್ಲ. ಆದ್ದರಿಂದ ಒಳಗಿನ ಸುಳ್ಳು ಹೊರಗೆ ಬರಲು ಅವಕಾಶವೇ ಆಗಲಿಲ್ಲ. ನಿಧಾನಕ್ಕೆ ನೋಡುವ ಕೆಲಸ ಯಾರಿಗೂ ನೆನಪಾಗಲಿಲ್ಲ. ನೆನಪಾದವಳು ಬಾಯಿ ಬಿಡಲಿಲ್ಲ.

ಒಂದು ದಿನ ಸಂಜೆ ಬೋರ್ಡು ಕೆಂಪಾಯಿತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗಾಳಿ ಎಂದು ಅಂಕಿ ಕಾಣಿಸಿತು.

ಕಂಪ್ಯೂಟರಿನ ಲೆಕ್ಕ ಸರಿಯಾಗಿಯೇ ಇತ್ತು. ಗಾಳಿ ಬರುವುದಿತ್ತು, ಗ್ರೀನ್‌ವಿಚ್ ಗಡಿಯಾರದಲ್ಲಿ ಒಂಬತ್ತಕ್ಕೆ. ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ ಎರಡೂವರೆ.

ಮರುದಿನ ಬೆಳಗಿನ ಜಾವ ಯಾರೂ ದೋಣಿ ಬಿಡಲಿಲ್ಲ. ಎಲ್ಲರೂ ಧಕ್ಕೆಯ ಮೇಲೆ ಬಲೆ ಬಿಡಿಸುತ್ತಾ ಕುಳಿತರು. ಒಂಬತ್ತಾಯಿತು. ಎಲೆ ಅಲುಗಲಿಲ್ಲ. ಕಡಲು ತಾಟಿನಲ್ಲಿ ಹೊಯ್ದ ಎಣ್ಣೆಯಂತಿತ್ತು. ಹತ್ತಾಯಿತು. ಬೋರ್ಡನ್ನು ನೋಡಿ ಹಾಸ್ಯ ಶುರುವಾಯಿತು. ಮಂತ್ರಿ ಮುಟ್ಟಿದ ಮೇಲೆ ಅದಕ್ಕೂ ಸುಳ್ಳು ಹೇಳುವ ಅಭ್ಯಾಸವಾಗಿದೆ ಎಂದು ಒಬ್ಬ ಅಂದ. ಪರ್ಸು ಮುದುಕ ಹಣೆಗೆ ಕೈಯಿಟ್ಟು ಪಡುವಣದ ಅಂಚನ್ನು ನೋಡಿದ. ಏನೋ ಕಪ್ಪಗೆ ಕಂಡಿರಬೇಕು. ತನ್ನ ದೋಣಿಯ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು ಊಟಕ್ಕೆ ಮನೆಗೆ ನಡೆದ.

ಜಟ್ಟಪ್ಪನಿಗೆ ಒಂದು ವಿಷಯ ಸರಿ ಕಾಣಲಿಲ್ಲ. ಒಂಬತ್ತು ಕಳೆದು ಎರಡು ತಾಸಾದರೂ ಕೆಂಪು ದೀಪ ಆರಿರಲಿಲ್ಲ. ಗಾಳಿ ಬಂದು ಹೋದರೆ, ಇಲ್ಲವೇ ಬರುವುದು ತಪ್ಪಿದರೆ, ದೀಪ ತಾನಾಗಿ ಹಸಿರಾಗಬೇಕು. ಇಷ್ಟು ವರ್ಷ ಹಾಗೆಯೇ ಆಗಿತ್ತು. ಅವನು ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದ. ಬೋರ್ಡನ್ನು ಹಂಗಿಸಲು ಬಂದದ್ದಲ್ಲ. ಕೇಳಲು ಬಂದದ್ದು.

"ಮಾಸ್ತರೇ, ಒಂಬತ್ತರ ಗಾಳಿ ಬರಲೇ ಇಲ್ಲ. ದೀಪ ಮಾತ್ರ ಆರೂದಿಲ್ಲ. ನಾವು ಎಂತ ಮಾಡೂದು? ದೋಣಿಗೆ ಮಂಜುಗಡ್ಡೆ ತುಂಬಿ ಆಗಿದೆ, ಕರಗ್ತಾ ಉಂಟು."

ಮಾಸ್ತರರು ಕಿಟಕಿಯಿಂದ ಹೊರಗೆ ನೋಡಿದರು. ಕಡಲು ಶಾಂತವಾಗಿತ್ತು. ಈಗ ಅವರು ಮಾಡಬೇಕಾದದ್ದು ಒಂದೇ ಇತ್ತು. ಅಂಕಿ ಒಂಬತ್ತು ಎನ್ನುತ್ತದೆ, ದೀಪ ಗಾಳಿ ಇನ್ನೂ ಬರುವುದಿದೆ ಎನ್ನುತ್ತದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ಹಾಗಾದರೆ ಯಾವುದು ಸುಳ್ಳು? ಜೀವಮಾನವೆಲ್ಲ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವರು ಕೇಳದೆ ಬಿಡುವ ಪ್ರಶ್ನೆಯಲ್ಲ ಇದು. ಆದರೆ ಆ ಪ್ರಶ್ನೆಯ ದಾರಿ ನೇರವಾಗಿ ಅವರ ಸಾಲಿಗೆ ಹೋಗಿ ಮುಟ್ಟುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ದಾರಿಗೆ ಕಾಲಿಡಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಹೇಮಲತಾ ತಲೆಯೆತ್ತಿದಳು. "ಸರ್, ಆ ಹೊತ್ತಿನ ಪ್ಯಾಕೇಜು" ಎಂದು ಶುರು ಮಾಡಿದಳು.

"ಹೇಮಾ, ಈಗ ಬೇಡ" ಎಂದರು ಮಾಸ್ತರರು.

ಅವಳು ಸುಮ್ಮನಾದಳು.

ಜಟ್ಟಪ್ಪ ಇಬ್ಬರ ಮುಖವನ್ನೂ ನೋಡಿ ನಕ್ಕ. ಗುರು ಶಿಷ್ಯೆಯರ ಜಗಳ ಆಮೇಲೆ ಮಾಡಿಕೊಳ್ಳಿ, ನನಗೊಂದು ಮಾತು ಹೇಳಿಬಿಡಿ ಎಂದ.

"ಬರುವುದಾಗಿದ್ದರೆ ಒಂಬತ್ತಕ್ಕೇ ಬಂದಿರುತ್ತಿತ್ತು ಜಟ್ಟಪ್ಪ. ಬೋರ್ಡು ಹೊಸದು, ದೀಪ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಹೋಗಿ ಬಾ."

ಜಟ್ಟಪ್ಪ ಇಳಿದು ಹೋದ. ಮಾಸ್ತರರು ಹೇಳಿದ್ದಾರೆ ಎಂದು ಧಕ್ಕೆಯ ಮೇಲೆ ಹೇಳಿದ. ಮೇಲೆ ಗುರು ಶಿಷ್ಯೆಯರ ಜಗಳ ನಡೆದಿದೆ ಎಂದೂ ಹೇಳಿ ನಕ್ಕ. ಅವನ ದೋಣಿ ಮೊದಲು ಹೊರಟಿತು. ಅವನನ್ನು ನೋಡಿ ಇನ್ನೂ ಕೆಲವರು ಬಿಟ್ಟರು.

ಗಾಳಿ ಎರಡೂವರೆಗೆ ಬಂತು. ತಡವಾಗಲಿಲ್ಲ, ಬೇಗನೂ ಆಗಲಿಲ್ಲ. ಉಳಿದ ದೋಣಿಗಳು ಪಕ್ಕದ ಗುಡ್ಡದ ಮರೆಗೆ ಸೇರಿಕೊಂಡು ಹೇಗೋ ಬಚಾವಾದವು. ಜಟ್ಟಪ್ಪನ ದೋಣಿ ಎಲ್ಲರಿಗಿಂತ ದೂರ ಹೋಗಿತ್ತು. ತಿರುಗಿ ಬಂದು, ಇನ್ನೇನು ಬಂದರು ಕೈಗೆ ಸಿಕ್ಕಿತು ಎನ್ನುವಾಗ, ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಮಗುಚಿತು. ದೋಣಿಯಲ್ಲಿದ್ದ ಬೇರೆಯವರು ಈಜಿ ದಡ ಹತ್ತಿದರು. ಜಟ್ಟಪ್ಪ ದೋಣಿಯ ಕೆಳಗೆ ಸಿಕ್ಕಿಕೊಂಡ. ಧಕ್ಕೆಯ ಮೇಲೆ ನಿಂತವರಿಗೆ ಎಲ್ಲವೂ ಕಾಣುತ್ತಿತ್ತು. ಆ ಅಲೆಯಲ್ಲಿ ಯಾರೂ ಇಳಿಯುವಂತಿರಲಿಲ್ಲ.

ಬೋರ್ಡನ್ನು ನಂಬದ ಪರ್ಸು ಉಳಿದ. ನಂಬಿದವನು ಹೋದ.

ಜಟ್ಟಪ್ಪನ ಹೆಣ ಸಿಕ್ಕಿ, ಕ್ರಿಯೆ ಮುಗಿದ ಮೇಲೆ ಸಂಘದಲ್ಲಿ ಸಭೆ ಕರೆದರು. ಅವನ ಹೆಂಡತಿ ತುಳಸಿ ಬಂದಳು. ಪೇಟೆಯಲ್ಲಿ ಮೀನು ಮಾರುವವಳು, ಗಟ್ಟಿ ಗಂಟಲಿನ ಹೆಂಗಸು. ಅಂದು ಮೆಲ್ಲಗೆ ಮಾತಾಡಿದಳು. ಗಾಳಿ ಬರುವುದು ನಿಮಗೆ ಗೊತ್ತಿರಲಿಲ್ಲವೇ ಎಂದು ಮಾಸ್ತರರನ್ನು ಕೇಳಿದಳು.

ಮಾಸ್ತರರು ಎದ್ದು ನಿಂತರು. ತಾಂತ್ರಿಕ ದೋಷವಾಯಿತಮ್ಮ ಎಂದರು. ಅಷ್ಟು ಹೇಳಿ ಕುಳಿತರು. ರೋಹಿದಾಸ ನೆಲ ನೋಡುತ್ತಿದ್ದ. ಅಧ್ಯಕ್ಷರು ಪರಿಹಾರದ ಅರ್ಜಿಯ ಮಾತು ತೆಗೆದರು. ತುಳಸಿ ಅವರ ಕಡೆ ತಿರುಗಲೇ ಇಲ್ಲ. ಹೆಂಗಸರ ಸಾಲಿನ ತುದಿಯಲ್ಲಿ ಹೇಮಲತಾ ಕುಳಿತಿದ್ದಳು. ಅವಳನ್ನು ಕೇಳಿದಳು.

"ತಾಂತ್ರಿಕ ದೋಷ ಅಂದ್ರೆ ಎಂತ ತಂಗಿ?"

ಹೇಮಲತಾ ಎದ್ದಳು. ಅವಳಿಗೆ ನಯ ಬಾರದೆಂದು ಮೊದಲೇ ಹೇಳಿದೆ. ಇದ್ದದ್ದನ್ನು ಇದ್ದಂತೆ ಹೇಳಿದಳು. "ಕಂಪ್ಯೂಟರಿಗೆ ಹೊತ್ತಿನ ಲೆಕ್ಕ ತಪ್ಪಿತ್ತು. ತಪ್ಪಿದೆ ಅಂತ ಅದೇ ಹೇಳಿತ್ತು. ಹಾಗೆ ಹೇಳದ ಹಾಗೆ ನಾವು ಅದರ ಬಾಯಿ ಕಟ್ಟಿದೆವು." ಮಾಸ್ತರರ ಸಾಲಿನ ವಿಷಯ, ಪರೀಕ್ಷೆಯ ವಿಷಯ, ಒಂದನ್ನೂ ಬಿಡದೆ ಹೇಳಿದಳು. ಸಭೆ ಮಾಸ್ತರರ ಕಡೆ ತಿರುಗಿತು. ಆ ಹೊತ್ತಿನಲ್ಲಿ ಅವಳಿಗೆ ತಾನು ಗೆದ್ದೆ ಎಂದೂ ಅನ್ನಿಸಿರಬಹುದು.

ತುಳಸಿ ಅವಳನ್ನೇ ನೋಡುತ್ತಿದ್ದಳು.

"ನಿಂಗೆ ಇದೆಲ್ಲ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಸರ್‌ಗೆ ಹೇಳಿದ್ದೆ."

"ನಮ್ಮವರು ಕೇಳೂಕೆ ಮೇಲೆ ಬಂದಾಗ ನೀನೂ ಅಲ್ಲೇ ಇದ್ಯಂತೆ."

"ಇದ್ದೆ. ಆಗಲೂ ಸರ್‌ಗೆ ಹೇಳಲು ಹೋದೆ."

"ಸರ್‌ಗೆ ಹೇಳಿದೆ. ಸರಿ" ಎಂದಳು ತುಳಸಿ. "ಕಡಲಿಗೆ ಹೋಗೂದು ಸರ್ ಆಗಿತ್ತಾ?"

ತುಳಸಿ ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು. ಪರಿಹಾರದ ಅರ್ಜಿಗೆ ಅವಳ ಹೆಬ್ಬೆಟ್ಟು ಹಾಕಿಸಲು ಅಧ್ಯಕ್ಷರು ಮನೆಗೇ ಹೋಗಬೇಕಾಯಿತು.

ಮರುದಿನ ಮಾಸ್ತರರು ಮಾಳಿಗೆಯ ಕೋಣೆಗೆ ಒಬ್ಬರೇ ಹೋದರು. ತಮ್ಮ ಸಾಲನ್ನು ತೆಗೆದರು. ಮುಚ್ಚಿದ್ದ ಪರೀಕ್ಷೆಯನ್ನು ತೆರೆದರು. ಎಲ್ಲವನ್ನೂ ತಳದಿಂದ ಮತ್ತೆ ಕಟ್ಟಲು ಹಚ್ಚಿದರು. ಎಲ್ಲಿಯೂ ನಿಲ್ಲದೆ ಸಂಜೆಯೊಳಗೆ ಮುಗಿಯಿತು. ಪ್ರತಿಯೊಂದು ಪರೀಕ್ಷೆಯೂ ಪಾಸಾಯಿತು. ಈಗ ಬೋರ್ಡು ಹೇಳುವುದೆಲ್ಲ ಸರಿ. ಗಾಳಿ ಬರುವ ಹೊತ್ತನ್ನು ಅದು ನಿಮಿಷ ತಪ್ಪದೆ ಹೇಳುತ್ತದೆ.

ಅದನ್ನು ನೋಡಿ ದೋಣಿ ಬಿಡುವವರು ಆ ಬಂದರಿನಲ್ಲಿ ಈಗ ಯಾರೂ ಇಲ್ಲ. ಬೋರ್ಡಿನ ಕಂಬ ಎತ್ತರವಾಗಿದೆ, ಗಟ್ಟಿಯಾಗಿದೆ. ಅದಕ್ಕೆ ಹಗ್ಗ ಕಟ್ಟಿ ಬಲೆ ಒಣಗಿಸುತ್ತಾರೆ. ಕೆಂಪು ದೀಪ ಹತ್ತಿದರೂ ಬಲೆಯ ಹಿಂದೆ ಕಾಣುವುದಿಲ್ಲ.

ನೀತಿ: ಕೆಲಸ ನಿಂತ ಜಾಗದಲ್ಲೇ ತಪ್ಪನ್ನು ಹುಡುಕಬೇಡ. ಅದು ಅದಕ್ಕಿಂತ ಬಹಳ ಹಿಂದೆ ಇರುತ್ತದೆ, ಅನೇಕ ಸಲ ನಿನ್ನದೇ ಕೈಬರಹದಲ್ಲಿ ಇರುತ್ತದೆ. ತಪ್ಪು ತೋರಿಸುವ ಬಾಯಿಯನ್ನು ಮುಚ್ಚಿದರೆ ಸದ್ದು ಅಡಗುತ್ತದೆ, ತಪ್ಪು ಉಳಿಯುತ್ತದೆ. ಮತ್ತು ತಪ್ಪನ್ನು ಕಂಡವನೇ, ಅದನ್ನು ನಿನ್ನ ಮೇಲಿನವನಿಗೆ ಹೇಳಿದ ಮಾತ್ರಕ್ಕೆ ನಿನ್ನ ಹೊಣೆ ತೀರುವುದಿಲ್ಲ. ಅದರ ಪೆಟ್ಟು ಯಾರ ಮೇಲೆ ಬೀಳುವುದಿದೆಯೋ ಅವನಿಗೆ ಹೇಳಿದಾಗ ಮಾತ್ರ ತೀರುತ್ತದೆ.